ಮಾನಮ್ಮ ಗಂಡನ ಹೆಸರು ಹೇಳಿದ್ದು

ವಾಶಿಯಲ್ಲಿ ಈರುಳ್ಳಿ-ಆಲೂಗಡ್ಡೆ ಮಾರುವ ಕಾಂದಾ-ಬಟಾಟಾ ಮಾರ್ಕೆಟ್ಟಿನ ಹಿಂದುಗಡೆ, ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲುವ ಗಲ್ಲಿಯಲ್ಲಿ, ಹರಿದ ಗೋಣಿಚೀಲಗಳ ರಾಶಿಯ ನೆರಳಿಗೆ ಮಾನಮ್ಮ ಕೂತಿರುತ್ತಾಳೆ. ಬೆಳಿಗ್ಗೆ ಏಳಕ್ಕೆ ಕೂತರೆ ಸಂಜೆ ಐದಕ್ಕೆ ಏಳುವುದು. ಬಲಗೈಯಲ್ಲಿ ಗೇಣುದ್ದದ ದಬ್ಬಣ, ಎಡಗೈ ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತುಂಡು, ಬಾಯಲ್ಲಿ ಸುತಳಿಯ ತುದಿ. ಚೀಲಕ್ಕೆ ಎರಡು ರೂಪಾಯಿ. ತೂತು ಒಂದಿದ್ದರೂ ಎರಡು, ಒಂಬತ್ತಿದ್ದರೂ ಎರಡು. ದಿನಕ್ಕೆ ನೂರೈವತ್ತು ಚೀಲ ಹೊಲಿದು, ಉಳ್ಳಾಗಡ್ಡಿಯ ಧೂಳನ್ನೆಲ್ಲ ಕೆಮ್ಮಿ ಉಗಿದು, ತುರ್ಭೆಯ ಗುಡ್ಡದ ಬುಡದಲ್ಲಿರುವ ತನ್ನ ಒಂದೇ ಕೋಣೆಯ ಖೋಲಿಗೆ ನಡೆದು ಹೋಗುತ್ತಾಳೆ. ಸುರಪುರದ ಕಡೆಯವಳು. ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ಸಿಟ್ಟು ಬಂದರೆ ಅವಳು ಬಯ್ಯುವುದಿಲ್ಲ, ದಬ್ಬಣ ನಿಲ್ಲಿಸಿ ನೋಡುತ್ತಾಳೆ. ಆ ನೋಟ ತಿಂದವರು ಬೈಗುಳವೇ ವಾಸಿಯಿತ್ತು ಎನ್ನುತ್ತಾರೆ.

ಈ ವರ್ಷ ಆ ನೋಟವನ್ನು ಹೊಟ್ಟೆ ತುಂಬ ತಿಂದವನು ಸ್ವಪ್ನಿಲ್.

ಸ್ವಪ್ನಿಲ್‌ಗೆ ಇಪ್ಪತ್ನಾಲ್ಕು. ಹುಟ್ಟಿದ್ದು, ಬೆಳೆದದ್ದು, ಬಿ.ಕಾಂ.ನಲ್ಲಿ ಒಮ್ಮೆ ಮುಗ್ಗರಿಸಿದ್ದು ಎಲ್ಲ ಡೊಂಬಿವಲಿಯಲ್ಲೇ. ಅಪ್ಪ ಅಮ್ಮ ವಿಜಯಪುರದ ಕಡೆಯವರಾದ್ದರಿಂದ ಕನ್ನಡ ಬರುತ್ತದೆ. ಆದರೆ ಮೂರನೇ ವಾಕ್ಯಕ್ಕೆ ಅದು ಉಸಿರು ಬಿಟ್ಟು ಹಿಂದಿಯ ಹೆಗಲೇರುತ್ತದೆ. ಈ ಅರ್ಧಂಬರ್ಧ ಕನ್ನಡವೇ ಅವನಿಗೆ ಕೆಲಸ ಕೊಡಿಸಿತು. 'ಬಟವಾ' ಎಂಬ ಕಂಪನಿಗೆ ಮಾರ್ಕೆಟ್ಟಿನ ಹೆಂಗಸರ ಜೊತೆ ಅವರ ಮಾತಿನಲ್ಲೇ ಮಾತಾಡುವ ಹುಡುಗ ಬೇಕಾಗಿದ್ದ. ಸಂಬಳ ಹದಿನಾರು ಸಾವಿರ, ಹೊಸ ಖಾತೆಗೆ ಮೂವತ್ತೈದು ರೂಪಾಯಿ ಮೇಲುಗಳಿಕೆ, ಕೊರಳಿಗೊಂದು ಗುರುತಿನ ಚೀಟಿ. ಆ ಚೀಟಿಯ ಫೋಟೋದಲ್ಲಿ ಅವನು ಬ್ಯಾಂಕಿನ ಸಾಹೇಬನಂತೆ ಕಾಣುತ್ತಿದ್ದ. ಅವನನ್ನು ಹಾಗೆ ಕಂಡದ್ದು ಆ ಫೋಟೋ ಒಂದೇ.

ಬಟವಾದ ವ್ಯವಹಾರ ಸರಳ. ದಿನಗೂಲಿಯ ಹೆಂಗಸರು ಇಪ್ಪತ್ತೋ ಐವತ್ತೋ ಸ್ವಪ್ನಿಲ್ ಕೈಗೆ ಕೊಡಬೇಕು. ಅವನು ತನ್ನ ಫೋನಿನಲ್ಲಿ ಒತ್ತಿದರೆ ಅವರ ಬಟನ್ ಫೋನು ಟಿಣ್ ಅನ್ನುತ್ತದೆ, ದುಡ್ಡು ಜಮಾ. ಬೇಕೆಂದಾಗ ಒಂದು ನಂಬರಿಗೆ ಫೋನು ಹಚ್ಚಿದರೆ ಮಷೀನು ಕನ್ನಡದಲ್ಲೇ ಮಾತಾಡುತ್ತದೆ, ಹೇಳಿದ ನಂಬರಿಗೆ ದುಡ್ಡು ಕಳಿಸುತ್ತದೆ. ತಿಂಗಳಿಗೊಮ್ಮೆ ಐದು ಸಾವಿರದವರೆಗೆ ತೆಗೆಯಲು ನಾಲ್ಕು ಅಂಕಿ ಒತ್ತಿದರೆ ಸಾಕು. ಅದಕ್ಕಿಂತ ಹೆಚ್ಚು ತೆಗೆಯುವುದಾದರೆ, ಇಲ್ಲವೇ ಖಾತೆಯನ್ನೇ ಮುಚ್ಚುವುದಾದರೆ, ಮಷೀನಿಗೆ ಒಂದು ಗುಟ್ಟಿನ ಉತ್ತರ ಹೇಳಬೇಕು. ಆ ಗುಟ್ಟು ಯಾವುದೆಂದು ಕಂಪನಿಯವರು ಎಸಿ ರೂಮಿನಲ್ಲಿ ಕೂತು ಆರು ತಿಂಗಳು ಯೋಚಿಸಿದ್ದರಂತೆ. ಟ್ರೇನಿಂಗಿನಲ್ಲಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸಿದರು: ಬಡ ಹೆಂಗಸು ಪಾಸ್‌ವರ್ಡ್ ಮರೆಯುತ್ತಾಳೆ, ಗಂಡನ ಹೆಸರು ಮರೆಯುವುದಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ಸ್ವಪ್ನಿಲ್ ಎರಡು ಸಲ ಹೊಡೆದ. ಅವನ ಅಮ್ಮ ಈರವ್ವ ಮೂವತ್ತು ವರ್ಷದಿಂದ ಅಪ್ಪನನ್ನು 'ಏನ್ರಿ' ಎಂದೇ ಕರೆಯುತ್ತಾಳೆ. ರೇಶನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಮಗನನ್ನು ಮುಂದೆ ತಳ್ಳುತ್ತಾಳೆ. 'ರಾಯಪ್ಪ' ಎಂದು ಹೇಳಿ ಹೇಳಿ ಬೆಳೆದ ಹುಡುಗನೇ ಇವನು. ಚಪ್ಪಾಳೆ ಹೊಡೆಯುವಾಗ ಆ ಬುದ್ಧಿ ಯಾವ ಲೋಕಲ್ ರೈಲು ಹಿಡಿದು ಹೋಗಿತ್ತೋ.

ಮಾನಮ್ಮ ಈ ಫೋನಿನ ಉಳಿತಾಯವನ್ನು ನಂಬಿದ್ದಕ್ಕೂ ಒಂದು ಕಾರಣವಿತ್ತು. ಹಿಂದೊಮ್ಮೆ ಅವಳು ಕೂಡಿಟ್ಟ ನಾಲ್ಕು ಸಾವಿರದ ಮುನ್ನೂರು ರೂಪಾಯಿಯನ್ನು ತಾನು ಹಾಸಿ ಮಲಗುವ ಗೋಣಿಚೀಲದ ಮಡಿಕೆಯಲ್ಲಿಟ್ಟು ಹೊಲಿದುಬಿಟ್ಟಿದ್ದಳು. ಯಾವ ಕಳ್ಳನ ತಲೆಗೂ ಹೊಳೆಯದ ಜಾಗ. ಮಳೆಗಾಲದಲ್ಲಿ ಚೀಲ ಒದ್ದೆಯಾಯಿತೆಂದು ಗಲ್ಲಿಗೆ ತಂದು ಬಿಸಿಲಿಗೆ ಹರವಿದಳು. ಟೆಂಪೋದವನು ಹೊಲಿದ ಚೀಲವೆಂದುಕೊಂಡು ಎತ್ತಿ ಎಸೆದ. ಗಾಡಿ ನಾಸಿಕದ ದಾರಿ ಹಿಡಿಯಿತು. ಅವಳ ಹೊಲಿಗೆ ಎಷ್ಟು ಗಟ್ಟಿಯೆಂದರೆ, ಆ ಚೀಲ ಈಗಲೂ ಯಾವನೋ ರೈತನ ಉಳ್ಳಾಗಡ್ಡಿ ಹೊತ್ತು, ಹೊಟ್ಟೆಯಲ್ಲಿ ನೋಟಿಟ್ಟುಕೊಂಡು ತಿರುಗುತ್ತಿರಬಹುದು.

"ನಿನ್ನ ಫೋನಿನಾಗಿಂದು ಟೆಂಪೋ ಏರಿ ಹೋಗಂಗಿಲ್ಲಲ್ಲ ತಮ್ಮಾ?" ಎಂದು ಕೇಳಿದ್ದಳು.

"ಮೌಶಿ," ಎಂದು ಮರಾಠಿಯಲ್ಲಿ ಚಿಕ್ಕಮ್ಮ ಎಂಬಂತೆ ಕರೆದು, "ಇದು ಡಿಜಿಟಲ್. ಎಲ್ಲಿಗೂ ಹೋಗಲ್ಲ," ಎಂದಿದ್ದ ಸ್ವಪ್ನಿಲ್. ಆ ಮಾತು ಮಾತ್ರ ಅಕ್ಷರಶಃ ನಿಜವಾಯಿತು.

ಖಾತೆ ತೆರೆದ ದಿನ ಗಲ್ಲಿಯಲ್ಲಿ ನಲವತ್ತೆರಡು ಹೆಂಗಸರು ಸಾಲಾಗಿ ಕೂತಿದ್ದರು. ಹೆಸರು, ವಯಸ್ಸು, ಫೋಟೋ ಎಲ್ಲ ಸಲೀಸಾಗಿ ಆಯಿತು. ಗಂಡನ ಹೆಸರಿಗೆ ಬಂದಾಗ ಮೊದಲ ಹೆಂಗಸು ಸೆರಗು ಬಾಯಿಗೆ ಒತ್ತಿ ನಕ್ಕಳು. ಎರಡನೆಯವಳು ಆಕಾಶ ನೋಡಿದಳು. ಮಾನಮ್ಮನ ಪಕ್ಕದಲ್ಲಿ ಕೂರುವ ಕಾಂಚನಾ, ಆ ಗುಂಪಿನಲ್ಲೇ ಚುರುಕು ಬಾಯಿಯವಳು, "ಹೆಸರು ಹಂಗ ಸಿಗ್ತದೇನೋ? ಒಡಪು ಹಚ್ಚಬೇಕು," ಎಂದು ಚುಚ್ಚಿದಳು. ಆಗ ಮಾನಮ್ಮ ದಬ್ಬಣ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ತುರ್ಭೆ ಟೇಸನ್ನಾಗ ಗಾಡಿ ನಿಲ್ಲೂದು ಅರ್ಧ ನಿಮಿಷ,
ನಮ್ಮನಿಯವರ ಹೆಸರ ಹೇಳಾಕ ಬೇಕು ಒಂದು ವರುಷ!"

ಗಲ್ಲಿ ಹೋ ಎಂದಿತು. ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪನ್ನು ಒಬ್ಬೊಬ್ಬಳೂ ಹಾಕಿದಳು. ಹೆಸರಿನ ಹತ್ತಿರ ಬಂದು ಜಾರಿಕೊಂಡಳು. ಸ್ವಪ್ನಿಲ್‌ಗೂ ಮಜಾ ಬಂತು. ಅಷ್ಟರಲ್ಲಿ ಚೀಲದ ಟೆಂಪೋ ಬಂತು, ಹೆಂಗಸರೆಲ್ಲ ಎದ್ದರು. ಮ್ಯಾನೇಜರ್ ಹೃಷೀಕೇಶನ ಫೋನೂ ಬಂತು. ಅವನು ನೆರೂಳಿನವನು, ಮೂಲ ಉಡುಪಿ ಕಡೆ. "ಎಂತ ಮಾರಾಯ, ಇವತ್ತು ನಲವತ್ತು ಆಗದಿದ್ರೆ ಇನ್ಸೆಂಟಿವ್ ಇಲ್ಲ ಆಯ್ತಾ?"

ಆ ಖಾನೆ ತುಂಬದೆ ಫಾರ್ಮು ಮುಂದೆ ಹೋಗುವುದಿಲ್ಲ. ಆಧಾರ್ ಕಾರ್ಡುಗಳು ಹೆಂಗಸರ ಖೋಲಿಗಳಲ್ಲಿ. ಚಹಾದ ಟಪರಿಯ ಬೆಂಚಿನ ಮೇಲೆ ಕೂತು, ಅರ್ಧ ಲೋಟದ ಕಟಿಂಗ್ ಚಹಾ ಹೀರುತ್ತ, ಸ್ವಪ್ನಿಲ್ ಆ ಖಾನೆಯಲ್ಲಿ ತನಗೆ ತಟ್ಟನೆ ಹೊಳೆದ ಹೆಸರು ಹಾಕಿದ. ಸದ್ಯಕ್ಕೆ. ನಾಳೆ ಬಂದು ಸರಿ ಮಾಡಿದರಾಯಿತು. ಮೊದಲನೆಯದಕ್ಕೆ ಹಾಕುವಾಗ ಸ್ವಲ್ಪ ಅಳುಕು ಇತ್ತು. ಹತ್ತನೆಯದಕ್ಕೆ ಅದೂ ಹೋಯಿತು. ಹೊಳೆದದ್ದು ಅವನ ಹೆಸರೇ. ಹೀಗೆ ಒಂದು ಕಟಿಂಗ್ ಚಹಾ ಆರುವುದರೊಳಗೆ, ಡೊಂಬಿವಲಿಯಲ್ಲಿ ಒಂದು ಹುಡುಗಿಯೂ ತಿರುಗಿ ನೋಡದ ಸ್ವಪ್ನಿಲ್, ಕಂಪನಿಯ ಲೆಕ್ಕದಲ್ಲಿ ನಲವತ್ತೆರಡು ಹೆಂಗಸರ ಗಂಡನಾದ. ಒಬ್ಬೊಬ್ಬಳಿಗೂ ಮೂವತ್ತೈದು ರೂಪಾಯಿ ವರದಕ್ಷಿಣೆ. ಆ ದುಡ್ಡಿಗೆ ಅವನೊಂದು ಶೂ ಕೊಂಡ.

ನಾಳೆ ಎಂಬುದು ಹನ್ನೊಂದು ತಿಂಗಳು ಬರಲಿಲ್ಲ.

ಆ ಹನ್ನೊಂದು ತಿಂಗಳಲ್ಲಿ ಮಾನಮ್ಮ ಒಂದು ದಿನವೂ ತಪ್ಪಿಸಲಿಲ್ಲ. ದಿನಕ್ಕೆ ಅರವತ್ತು, ಕೆಲವೊಮ್ಮೆ ಎಂಬತ್ತು. ಜ್ವರ ಬಂದ ದಿನ ಕಾಂಚನಾಳ ಕೈಯಲ್ಲಿ ಕಳಿಸಿದಳು. ಗಂಡ ನೆರೂಳಿನಲ್ಲಿ ಕಟ್ಟುತ್ತಿರುವ ಬಿಲ್ಡಿಂಗೊಂದರ ವಾಚ್‌ಮನ್. ಅವನ ಪಗಾರದಲ್ಲಿ ಮನೆ, ಇವಳ ಚೀಲದಲ್ಲಿ ಉಳಿತಾಯ. ಯಾತಕ್ಕೆ ಎಂದು ಯಾರಿಗೂ ಹೇಳಿರಲಿಲ್ಲ. ಒಂದು ಸೋಮವಾರ ಹೇಳಿದಳು.

ಚೀಲದ ವ್ಯಾಪಾರಿ ಮನೀಷ್ ಸೇಠ್ ಗೋದಾಮು ಖಾಲಿ ಮಾಡುತ್ತಿದ್ದ. ಹರಿದ ಚೀಲ ಎರಡು ಸಾವಿರ, ಒಂದಕ್ಕೆ ಹನ್ನೊಂದು ರೂಪಾಯಿ, ಒಟ್ಟು ಇಪ್ಪತ್ತೆರಡು ಸಾವಿರ. ಹೊಲಿದು ಮಾರಿದರೆ ಒಂದೊಂದು ಇಪ್ಪತ್ನಾಲ್ಕಕ್ಕೆ ಹೋಗುತ್ತದೆ. ಹೊಸ ಉಳ್ಳಾಗಡ್ಡಿ ಬರುವ ಕಾಲ, ಚೀಲಕ್ಕೆ ಬರ. ಇಪ್ಪತ್ತಾರು ವರ್ಷ ಬೇರೆಯವರ ಚೀಲ ಹೊಲಿದವಳಿಗೆ ತನ್ನದೇ ಚೀಲ. ಮಾನಮ್ಮ ಹೋಗಿ ಕೇಳಿದ್ದಳು. ಸೇಠ್ ಮೊದಲು ನಕ್ಕಿದ್ದ, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿ, "ಶನಿವಾರ ಬಾರಾ ಬಜೆ ತಕ್, ಹನ್ನೆರಡರ ಒಳಗೆ. ಪೂರಾ ಪೈಸಾ. ಭಿವಂಡಿವಾಲಾ ಕೇಳ್ತಾ ಇದ್ದಾನೆ, ಆದ್ರೆ ಮೊದಲು ನಿನಗೆ," ಎಂದಿದ್ದ.

"ಎಷ್ಟದ ನಂದು?" ಎಂದು ಮಾನಮ್ಮ ಸ್ವಪ್ನಿಲ್‌ನನ್ನು ಕೇಳಿದಳು. ಲೆಕ್ಕ ಅವಳಿಗೆ ಬಾಯಿಪಾಠವಿತ್ತು. ಅವನ ಬಾಯಲ್ಲಿ ಕೇಳಬೇಕಿತ್ತು.

"ಇಪ್ಪತ್ತೆರಡು ಸಾವಿರದ ನಾನೂರ ಅರವತ್ತು, ಮೌಶಿ."

"ತಗಿಸಿ ಕೊಡು."

ಸ್ವಪ್ನಿಲ್‌ಗೆ ಆಗ ನೆನಪಾಯಿತು. ಅಲ್ಲೇ, ಆ ಸೋಮವಾರವೇ, 'ಮೌಶಿ, ನಾನೊಂದು ಮೂರ್ಖತನ ಮಾಡಿದ್ದೇನೆ' ಎಂದಿದ್ದರೆ ಈ ಕಥೆ ಅರ್ಧಕ್ಕೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. "ಪ್ರೊಸೀಜರ್ ಇದೆ, ಕೇಳಿ ಹೇಳ್ತೀನಿ," ಎಂದು ಜಾರಿಕೊಂಡು ಹೃಷೀಕೇಶನ ಬಳಿಗೆ ಓಡಿದ.

"ನಲವತ್ತೆರಡು ಜನಕ್ಕೆ ನೀನೊಬ್ಬನೇ ಗಂಡನಾ?" ಹೃಷೀಕೇಶ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. "ಶ್ರೀಕೃಷ್ಣನ ಹತ್ರ ಕಾಂಪಿಟೀಶನ್ನಾ ಮಾರಾಯ? ಈಗ ತಿದ್ದಲಿಕ್ಕೆ ಹಾಕಿದ್ರೆ ಹದಿನೈದು ದಿನ ಬೇಕು, ಹೆಡ್ ಆಫೀಸಿಗೂ ಗೊತ್ತಾಗ್ತದೆ. ನಿನ್ನ ಕೆಲಸ ಹೋಗ್ತದೆ, ಹೋಗ್ಲಿ. ನನ್ನದೂ ಹೋಗ್ತದೆ."

"ಮತ್ತೆ ಏನು ಮಾಡೋದು ಸರ್?"

"ಅವರು ಗಂಡನ ಹೆಸರು ಹೇಳುದಿಲ್ಲ ಅಂತ ನೀನೇ ಹೇಳಿದ್ದಲ್ವಾ? ಹೇಳುದು ಬೇಡ. ಫೋನು ಹಚ್ಚಲಿ, ಮಷೀನು ಕೇಳಲಿ, ಸುಮ್ಮನಿರಲಿ. 'ಕಸ್ಟಮರ್ ಉತ್ತರ ಕೊಡಲಿಲ್ಲ' ಅಂತ ಬರ್ತದೆ. ಆಗ ನಾವು ಬೇರೆ ಪ್ರಶ್ನೆ ಹಾಕಿಸುವ. ಎರಡು ದಿನದ ಕೆಲಸ. ಯಾರ ತಪ್ಪೂ ಇಲ್ಲ."

ಯಾರ ತಪ್ಪೂ ಇಲ್ಲ. ಎಷ್ಟು ಚಂದದ ಮಾತು! ಸ್ವಪ್ನಿಲ್ ಅದನ್ನು ಜೇಬಿಗಿಟ್ಟುಕೊಂಡು ಬಂದ. ಮಾನಮ್ಮನ ಮಾನ-ಮರ್ಯಾದೆಯ ಮೇಲೆ ಪಣ ಕಟ್ಟಿದ ಹಾಗೆ ಇದೆ ಎಂದು ಅವನಿಗೆ ಅನಿಸದೆ ಇರಲಿಲ್ಲ. ಅನಿಸಿದ್ದನ್ನೂ ಆ ಜೇಬಿನಲ್ಲೇ ಇಟ್ಟ.

ಮಷೀನು ಗಂಡನ ಹೆಸರು ಕೇಳುತ್ತದೆ ಎಂದು ಅವನು ಹೇಳಿದಾಗ ಮಾನಮ್ಮ ಮುಂದಿನ ಚೀಲ ಎಳೆದುಕೊಂಡಳು. ಮಂಗಳವಾರ ಹೋಯಿತು, ಬುಧವಾರ ಹೋಯಿತು. ಗಲ್ಲಿಯಲ್ಲಿ ಚರ್ಚೆಯೋ ಚರ್ಚೆ.

"ನಾ ಹೇಳಲೇನು ಅಕ್ಕಾ? ನಿನ್ನ ಗಂಡನ ಹೆಸರು ನಾ ಹೇಳಿದ್ರ ನನಗೇನು ಪಾಪಿಲ್ಲ," ಎಂದಳು ಕಾಂಚನಾ.

"ನನ್ನ ಧ್ವನೀನಽ ಬೇಕಂತ. ಹಂಗಲ್ಲೇನು ತಮ್ಮಾ?"

ಸ್ವಪ್ನಿಲ್ ತಲೆಯಾಡಿಸಿದ. ಹಾಗೆಂದು ಕಾಗದದಲ್ಲಿ ಬರೆದಿತ್ತು.

"ಮದುವ್ಯಾಗ ಒಡಪಿನಾಗ ಒಂದೇ ಸಲ ಹೇಳಿದ್ದು," ಎಂದಳು ಮಾನಮ್ಮ. "ಆಮ್ಯಾಲೆ ಇಲ್ಲ. ಹೇಳಿದ್ರ ಅವರ ಆಯುಷ್ಯ ಸವೀತದ ಅಂತ ನಮ್ಮವ್ವ ಅಂತಿದ್ಲು. ಸುಳ್ಳಿರಬೌದು. ಖರೇನೂ ಇರಬೌದು. ಸವದ ಮ್ಯಾಲೆ ತಿಳದ್ರ ಏನು ಮಾಡೂದು?"

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಮಾನಮ್ಮ ಎದ್ದಳು. ಕೈ ತೊಳೆದಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಎದುರಿಗೆ ಯಾರೋ ಹಿರಿಯರು ಕೂತ ಹಾಗೆ. ಫೋನನ್ನು ಚೀಲದ ರಾಶಿಯ ಮೇಲಿಟ್ಟು, "ಹಚ್ಚು," ಎಂದು ಸ್ವಪ್ನಿಲ್‌ಗೆ ಹೇಳಿದಳು. ಸ್ಪೀಕರ್ ಹಾಕಿದ್ದರಿಂದ ಗಲ್ಲಿಗೆಲ್ಲ ಕೇಳುತ್ತಿತ್ತು. ಯಾರೂ ಹೇಳದೆಯೇ ಎಲ್ಲ ದಬ್ಬಣಗಳೂ ನಿಂತವು.

"ದಯವಿಟ್ಟು ನಿಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ," ಎಂದಿತು ಮಷೀನು.

ಸ್ವಪ್ನಿಲ್ ಮನಸ್ಸಿನಲ್ಲೇ ಎಣಿಸತೊಡಗಿದ. ಹತ್ತು ಸೆಕೆಂಡು ಸುಮ್ಮನಿದ್ದರೆ ಫೋನು ತಾನಾಗಿ ಕಟ್ ಆಗುತ್ತದೆ. ಒಂದು, ಎರಡು, ಮೂರು. ಸುಮ್ಮನಿರು ಮೌಶಿ. ನಾಲ್ಕು, ಐದು.

ಮಾನಮ್ಮನ ಕಣ್ಣು ಮುಚ್ಚಿತ್ತು.

"ಮಾಪಣ್ಣ," ಎಂದಳು.

ಗಲ್ಲಿಯಲ್ಲಿ ಯಾರೋ ಉಸಿರು ಎಳೆದುಕೊಂಡದ್ದು ಕೇಳಿಸಿತು. ಕಾಂಚನಾ ಬಾಯಿಯ ಮೇಲೆ ಕೈಯಿಟ್ಟಳು. ಮಾನಮ್ಮನ ಮುಖ ಒಮ್ಮೆಗೇ ಹದಿನಾರರ ಹುಡುಗಿಯದಾಗಿ, ಮರುಕ್ಷಣ ಮತ್ತೆ ಅವಳದೇ ಆಯಿತು.

"ಕ್ಷಮಿಸಿ," ಎಂದಿತು ಮಷೀನು. "ನೀವು ಹೇಳಿದ ಉತ್ತರ ತಪ್ಪಾಗಿದೆ. ಮತ್ತೊಮ್ಮೆ ಪ್ರಯತ್ನಿಸಿ."

ಮಾನಮ್ಮ ಕಣ್ಣು ತೆರೆದಳು. "ತಪ್ಪಂದ್ರ?"

"ನೀವು ಹೇಳಿದ ಉತ್ತರ ತಪ್ಪಾಗಿದೆ."

"ಮಾಪಣ್ಣ!" ಈ ಸಲ ಗಟ್ಟಿಯಾಗಿ, ಮಾರ್ಕೆಟ್ಟಿನ ಹಮಾಲರಿಗೂ ಕೇಳುವಂತೆ. ಮತ್ತೆ ತಪ್ಪು. ಮೂರನೆಯ ಸಲ ಕೂಗಿದಳು: "ಮಾಪಣ್ಣ! ನಿಂಗಪ್ಪನ ಮಗ ಮಾಪಣ್ಣ! ನನ್ನ ಕೊರಳಾಗ ತಾಳಿ ಕಟ್ಟಿದಾಂವ ಮಾಪಣ್ಣ!"

"ಮೂರು ಬಾರಿ ತಪ್ಪು ಉತ್ತರ ನೀಡಿದ್ದೀರಿ. ನಿಮ್ಮ ಸುರಕ್ಷತೆಗಾಗಿ ಖಾತೆಯನ್ನು ನಲವತ್ತೆಂಟು ಗಂಟೆಗಳ ಕಾಲ ಮುಚ್ಚಲಾಗಿದೆ. ಬಟವಾ, ನಿಮ್ಮ ಹಣ, ನಿಮ್ಮ ಹೆಸರು."

ಕೊನೆಗೊಂದು ಸಂಗೀತ ಬೇರೆ. ಆಮೇಲೆ ಹಿಂದಿನ ಸಾಲಿನಿಂದ ಯಾರೋ, ತಡೆಯಲಾರದೆ, "ಮಾನಕ್ಕ, ಇಷ್ಟ ವರ್ಷ ಬ್ಯಾರೆಯವನ್ನ ಗಂಡ ಅಂತ ತಿಳದಿದ್ದೇನ?" ಎಂದುಬಿಟ್ಟಳು. ಅಲ್ಲಲ್ಲಿ ನಗು ಸಿಡಿಯಿತು. ಮಾನಮ್ಮ ಕೂತಳು, ದಬ್ಬಣ ತೆಗೆದುಕೊಂಡಳು. ಸುತಳಿ ಪೋಣಿಸಲು ಹೋದರೆ ದಬ್ಬಣದ ಕಣ್ಣು ಸಿಗಲೊಲ್ಲದು. ನಾಲ್ಕು ಸಲ ತಪ್ಪಿತು.

ಸ್ವಪ್ನಿಲ್ ಏನು ಮಾಡಿದ? ಮಹಾಪುರುಷ, "ನೆಟ್‌ವರ್ಕ್ ಪ್ರಾಬ್ಲಮ್ ಇರಬೇಕು," ಎಂದು ಹೇಳಿ ಸ್ಟೇಶನ್ನಿಗೆ ನಡೆದ. ಥಾಣೆಯಲ್ಲಿ ರೈಲು ಬದಲಿಸುವಾಗ ಎರಡು ಲೋಕಲ್‌ಗಳನ್ನು ಬಿಟ್ಟು ಬೆಂಚಿನ ಮೇಲೆ ಕೂತಿದ್ದ. ಮನೆಗೆ ಬಂದು, ರೊಟ್ಟಿ ಬಡಿಯುತ್ತಿದ್ದ ಅಮ್ಮನಿಗೆ ಎಲ್ಲ ಹೇಳಿದ. ಅಮ್ಮ 'ಹೋಗಲಿ ಬಿಡು ಕೂಸೇ' ಅನ್ನುತ್ತಾಳೆ ಎಂದುಕೊಂಡಿದ್ದ.

ಈರವ್ವ ಬಡಿಯುವುದನ್ನು ನಿಲ್ಲಿಸಿದಳು. "ಆಕಿ ಹೇಳೂಮುಂದ ನೀ ಅಲ್ಲೇ ನಿಂತಿದ್ದಿ?"

"ಹೂಂ."

"ಗೊತ್ತಿದ್ದೂ ನಿಂತಿದ್ದಿ?"

ಈರವ್ವ ಹಂಚಿನ ಮೇಲಿನ ರೊಟ್ಟಿ ತೆಗೆದು ಗಂಡನ ತಾಟಿಗೆ ಹಾಕಿ, ಒಲೆ ಆರಿಸಿದಳು. ಆ ದಿನ ಸ್ವಪ್ನಿಲ್ ವಡಾಪಾವ್ ತಿಂದ.

ಶುಕ್ರವಾರ ಅವನು ಗಲ್ಲಿಗೆ ಹೋಗಿ, ನಿಂತುಕೊಂಡೇ, ಎಲ್ಲರ ಮುಂದೆ ಹೇಳಿದ. ಟಪರಿ, ಚಹಾ, ಸದ್ಯಕ್ಕೆ, ನಾಳೆ. ಹೇಳುವಾಗ ಅವನ ಕನ್ನಡ ಒಂದು ವಾಕ್ಯಕ್ಕೂ ಹಿಂದಿಗೆ ಜಾರಲಿಲ್ಲ. ಭಯಕ್ಕೆ ಎಂಥ ಭಾಷಾಶುದ್ಧಿ! ಕೇಳುತ್ತ ಕೇಳುತ್ತ ಹೆಂಗಸರು ಮೊದಲು ನಕ್ಕರು. ಕಾಂಚನಾ, "ಅಯ್ಯ, ನಮ್ಮನಿಯವ್ರು ಬಂದಾರ, ತಲಿ ಮ್ಯಾಲೆ ಸೆರಗು ಹಾಕ್ರೆ," ಎಂದಳು. ಮಾನಮ್ಮ ನೋಡಿದಳು. ನಗು ನಿಂತಿತು.

"ನಿನಗ ಸೋಮವಾರನಽ ಗೊತ್ತಿತ್ತು."

"ಹೂಂ ಮೌಶಿ."

"ನಾ ಹೇಳಂಗಿಲ್ಲ ಅಂತ ತಿಳದಿದ್ದಿ."

"...ಹೂಂ."

"ನನ್ನ ನಾಚಿಕಿ ನಿನಗ ಅನುಕೂಲ ಇತ್ತು." ಧ್ವನಿ ಏರಲಿಲ್ಲ. "ಮೂರು ರಾತ್ರಿ ನಿದ್ದಿ ಮಾಡಿಲ್ಲ ನಾ. ಅವರು ಮಲಗಿದ್ರ ಎದಿ ಮ್ಯಾಲೆ ಕೈ ಇಟ್ಟು ನೋಡೀನಿ, ಉಸುರು ಆಡ್ತದೇನಂತ. ಇನ್ನೂ ಹೇಳಿರಲೇ ಇಲ್ಲ, ಆಗಽ ನೋಡೀನಿ. ಕಡೀಕ ನನ್ನ ಬಾಯಿಂದ ಆ ಹೆಸರು ತಗದೆ. ಮಷೀನು ಏನಂತು? ತಪ್ಪು ಅಂತು. ನಾಕು ಮಂದ್ಯಾಗ, ಮೂರು ಸಲ. ಮಷೀನಿಗೇನು ಗೊತ್ತು? ನಿನಗ ಗೊತ್ತಿತ್ತು."

ಇದಕ್ಕೆ ಉತ್ತರವಾಗಿ ಸ್ವಪ್ನಿಲ್ ತನ್ನ ಶೂ ನೋಡಿಕೊಂಡ. ಅದು ಈ ಹೆಂಗಸರ ಹೆಸರಲ್ಲಿ ಬಂದ ದುಡ್ಡಿನದೇ ಎಂಬುದು ಹೊಳೆದು ಬೇರೆ ಕಡೆ ನೋಡಿದ.

ಮಧ್ಯಾಹ್ನ ಮಾನಮ್ಮ ಬಟವಾದ ಆಫೀಸಿಗೆ ಹೋದಳು. ಜೊತೆಗೆ ಕಾಂಚನಾ, ಮತ್ತು ಖುದ್ದು ಮಾಪಣ್ಣ: ವಾಚ್‌ಮನ್‌ನ ನೀಲಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆಧಾರ್ ಕಾರ್ಡು, ರೇಶನ್ ಕಾರ್ಡು. ಸ್ವಪ್ನಿಲ್ ಬಾಗಿಲಲ್ಲಿ ನಿಂತಿದ್ದ.

"ಸಾಹೇಬ್ರ, ನಾನಽ ಈಕಿ ಗಂಡ," ಎಂದು ಮಾಪಣ್ಣ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ. "ನೋಡ್ರಿ, ಫೋಟೋನೂ ಅದ."

ಹೃಷೀಕೇಶ ಕಾರ್ಡು ನೋಡಿದ, ಕಂಪ್ಯೂಟರ್ ನೋಡಿದ. "ಅದು ಸರಿ ಅಣ್ಣ. ನಿಮ್ಮನ್ನು ನೋಡಿದ್ರೆ ಗೊತ್ತಾಗ್ತದೆ. ಆದ್ರೆ ಸಿಸ್ಟಮ್‌ನಲ್ಲಿ ಬೇರೆ ಉಂಟಲ್ಲ?"

"ಸಿಸ್ಟಮ್‌ನಾಗ ಯಾರದಾರ?"

ಹೃಷೀಕೇಶ ಬಾಗಿಲ ಕಡೆ ಕಣ್ಣು ಹಾಯಿಸಿದ. ಮಾಪಣ್ಣ ತಿರುಗಿ, ತನ್ನ ಮಗನ ವಯಸ್ಸಿನ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇದಾ?" ಎಂದ.

"ತಿದ್ದಲಿಕ್ಕೆ ಹಾಕಿದ್ರೆ ಹದಿನೈದು ದಿನ," ಎಂದ ಹೃಷೀಕೇಶ. "ಇಲ್ಲದಿದ್ರೆ ಸುಲಭದ ದಾರಿ ಉಂಟು. ನಾಳೆ ಹನ್ನೊಂದಕ್ಕೆ ಖಾತೆ ತೆರೀತದೆ. ಅಮ್ಮ, ನೀವು ಫೋನು ಹಚ್ಚಿ 'ಸ್ವಪ್ನಿಲ್' ಅಂತ ಹೇಳಿಬಿಡಿ. ಒಂದು ಶಬ್ದ. ದುಡ್ಡು ಬಂತು, ಮುಗೀತು."

ಮಾಪಣ್ಣ ಕಾರ್ಡುಗಳನ್ನು ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, "ಅಂದುಬಿಡು. ರೊಕ್ಕ ನಿಂದು, ಕಷ್ಟ ನಿಂದು. ಅದು ಮಷೀನು. ನನಗೇನೂ ಆಗಂಗಿಲ್ಲ," ಎಂದ.

"ನಿಮಗ ಆಗಂಗಿಲ್ಲ," ಎಂದಳು ಮಾನಮ್ಮ. "ನನಗ ಆಗ್ತದ. ನಿಮ್ಮ ಹೆಸರು ಹೇಳಿದೆ, ಸುಳ್ಳಾತು. ಈಗ ಸುಳ್ಳು ಹೇಳಬೇಕಂತ, ಅದು ಖರೇ ಆಗ್ತದಂತ. ನನ್ನ ರೊಕ್ಕ ನಾ ಬೇಡಾಕ, ಈ ಹುಡುಗನ್ನ ಗಂಡ ಅನಬೇಕು? ಇಲ್ಲ. ಚೀಲದ ಲಾಟು ಹೋದ್ರ ಹೋತು."

ಹಾಗೆಂದಳು. ಆದರೆ ಬಸ್ ಸ್ಟಾಪಿನವರೆಗೆ ಹೋಗುವಾಗ, ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ನಡೆಯುತ್ತಿದ್ದ ಸ್ವಪ್ನಿಲ್‌ಗೆ ಕೇಳಿಸಿತು: ಅವಳು ಲೆಕ್ಕ ಹಾಕುತ್ತಿದ್ದಳು. ಎರಡು ಸಾವಿರ ಚೀಲ, ಇಪ್ಪತ್ನಾಲ್ಕು, ಸುತಳಿಯ ಖರ್ಚು ಕಳೆದರೆ. ಮುಗಿಸಿ ಮತ್ತೆ ಮೊದಲಿಂದ.

ಶನಿವಾರ ಹನ್ನೊಂದೂವರೆಗೆ ಭಿವಂಡಿಯವನ ಟೆಂಪೋ ಗೋದಾಮಿನ ಮುಂದೆ ಬಂದು ನಿಂತಿತು. ಮನೀಷ್ ಸೇಠ್ ಗಡಿಯಾರ ನೋಡಿಕೊಂಡು, ನೋಡದವನಂತೆ ಪೇಪರು ಓದುತ್ತಿದ್ದ. ಟೆಂಪೋದ ಹುಡುಗರು ಚೀಲದ ಕಟ್ಟುಗಳನ್ನು ಬಾಗಿಲಿಗೆ ಎಳೆಯತೊಡಗಿದರು. ಮಾನಮ್ಮ ಕೂತಲ್ಲೇ ಅದನ್ನು ನೋಡಿದಳು. ಹನ್ನೊಂದು ನಲವತ್ತಕ್ಕೆ ಎದ್ದಳು. ಫೋನು ಹಚ್ಚಿ, ನಾಲ್ಕಂಕಿ ಒತ್ತಿ, ಸೇಠನ ನಂಬರು ಒತ್ತಿ, ಸ್ಪೀಕರ್ ಹಾಕಿ, ಸೀದಾ ಸ್ವಪ್ನಿಲ್ ಮುಂದೆ ಬಂದು ಫೋನನ್ನು ಅವನ ಬಾಯಿಗೆ ಹಿಡಿದಳು.

"ದಯವಿಟ್ಟು ನಿಮ್ಮ ಪತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ."

"ನೀ ಬರದದ್ದು ನೀನಽ ಬೊಗಳು," ಎಂದಳು ಮಾನಮ್ಮ.

"ಮೌಶಿ, ನಿಮ್ಮ ಧ್ವನಿ ಬೇಕು. ನಾನು ಗಂಡಸು, ಅದು ತಗೊಳ್ಳೋದಿ—"

"ಬೊಗಳು."

"ಸ್ವಪ್ನಿಲ್," ಎಂದ ಅವನು. ಹೆಸರು ಕಪ್ಪೆ ವಟಗುಟ್ಟಿದ ಹಾಗೆ ಬಂತು.

ಮಷೀನು ಒಂದು ಕ್ಷಣವೂ ಯೋಚಿಸಲಿಲ್ಲ. "ಧನ್ಯವಾದಗಳು, ಮಾನಮ್ಮ ಅವರೇ. ನಿಮ್ಮ ಗುರುತು ದೃಢಪಟ್ಟಿದೆ."

ಮುಂದಿನ ಉಸಿರಿಗೆ ಮನೀಷ್ ಸೇಠನ ಹಣದ ಗಲ್ಲೆಯ ಮೇಲಿದ್ದ, ದುಡ್ಡು ಜಮಾ ಆದಾಗ ಮಾತಾಡುವ ಡಬ್ಬಿ ಗೋದಾಮು ತುಂಬ ಕೂಗಿತು: "ಬಾಯೀಸ್ ಹಜಾರ್ ರುಪಯೇ ಪ್ರಾಪ್ತ್ ಹುಯೇ." ಇಪ್ಪತ್ತೆರಡು ಸಾವಿರ ಬಂತು. ಸೇಠ್ ಪೇಪರು ಮಡಚಿ ಟೆಂಪೋದ ಹುಡುಗರಿಗೆ ಕೈ ಮಾಡಿದ: ಇಳಿಸಿ.

ಯಾರಾದರೂ ಚಪ್ಪಾಳೆ ಹೊಡೆಯುತ್ತಾರೆಂದು ಸ್ವಪ್ನಿಲ್ ಅಂದುಕೊಂಡ; ಅಂಥ ಆಸೆಬುರುಕ. ಮಾನಮ್ಮನ ಮುಖದಲ್ಲಿ ಸಂತೋಷದ ಸುಳಿವೂ ಇರಲಿಲ್ಲ. ಈ ಮೂರು ದಿನದಲ್ಲಿ ಅವನು ಕಂಡ ಸಿಟ್ಟು ಬರೇ ಮುನ್ನುಡಿ ಎಂಬಂತೆ ಅವಳು ಫೋನನ್ನೂ ಅವನನ್ನೂ ನೋಡಿದಳು.

"ಇಷ್ಟಽ?" ಎಂದಳು. "ಹನ್ನೊಂದು ತಿಂಗಳು ನನ್ನ ರೊಕ್ಕಕ್ಕ ಹಾಕಿದ್ದ ಬೀಗ ಇಷ್ಟಽ? ನಾ ಕೂಗಿದ್ರ ನಾ ಅಲ್ಲ ಅಂತು. ನೀ ಒದರಿದ್ರ ನೀನಽ ಮಾನಮ್ಮ ಅಂತು. ನೀ ಕಳ್ಳ ಅಲ್ಲ, ಅದಕ್ಕ ರೊಕ್ಕ ಉಳೀತು. ಅಷ್ಟಽ." ಆಮೇಲೆ ಗಲ್ಲಿಯ ಕಡೆ ತಿರುಗಿ, ಮೊದಲ ಸಲ ಧ್ವನಿ ಏರಿಸಿದಳು. "ಏ ಕಾಂಚನಾ! ಎಲ್ಲಾರೂ ಫೋನ್ ತರ್ರಿ. ಒಬ್ಬರ ರೊಕ್ಕಾನೂ ಒಳಗ ಇರಬಾರದು ಇವತ್ತ."

ಗಲ್ಲಿಯಲ್ಲಿ ಇಪ್ಪತ್ತೊಂಬತ್ತು ಜನ ಇದ್ದರು. ಉಳಿದವರಿಗೆ ಫೋನು ಹೋಯಿತು, ಅವರು ಬೇರೆ ಬೇರೆ ಮಾರ್ಕೆಟ್ಟಿನಿಂದ, ಖೋಲಿಯಿಂದ, ಅರ್ಧ ತಲೆ ಬಾಚಿಕೊಂಡು ಬಂದರು. ಒಬ್ಬೊಬ್ಬಳೂ ಫೋನನ್ನು ಸ್ವಪ್ನಿಲ್ ಬಾಯಿಗೆ ಹಿಡಿದಳು. ಅವನು ತನ್ನ ಹೆಸರು ಹೇಳಿದ. ಮಷೀನು ಪ್ರತಿಯೊಬ್ಬಳ ಹೆಸರಿನಿಂದ ಅವನಿಗೆ ಧನ್ಯವಾದ ಹೇಳಿ, ಅವಳು ಒತ್ತಿದ ನಂಬರಿಗೆ ದುಡ್ಡು ಕಳಿಸಿತು. ನಡುವೆ ಹೃಷೀಕೇಶನ ಫೋನು ಹನ್ನೆರಡು ಸಲ ಬಂತು. ಹದಿಮೂರನೆಯದನ್ನು ಸ್ವಪ್ನಿಲ್ ಎತ್ತಿದ.

"ಎಂತ ಆಗ್ತಾ ಉಂಟು ಅಲ್ಲಿ? ಇಲ್ಲಿ ಒಂದೊಂದೇ ಖಾತೆ ಸಾಯ್ತಾ ಉಂಟು ಮಾರಾಯ! ನಿಲ್ಲಿಸು!"

"ನಿಲ್ಲಿಸೋಕೆ ಆಗಲ್ಲ ಸರ್," ಎಂದ ಸ್ವಪ್ನಿಲ್. "ಎಲ್ಲರ ಗುರುತೂ ದೃಢಪಟ್ಟಿದೆ."

ಕೆಲಸ ಹೋಯಿತು ಎಂಬುದು ಆ ಮಾತು ಬಾಯಿಂದ ಬಿದ್ದಾಗಲೇ ಗೊತ್ತಾಯಿತು. ನಲವತ್ತೆರಡನೆಯ ಖಾತೆ ಮುಚ್ಚುವಾಗ ಮೂರು ಗಂಟೆ. ಗಂಟಲು ಒಣಗಿ ಚೂರಾಗಿತ್ತು. ಪಕ್ಕದಲ್ಲೇ ನೀರಿನ ಕೊಡ ಇತ್ತು, ಮೇಲೆ ಲೋಟ ಇತ್ತು. ಕುಡಿ ಎಂದು ಯಾರೂ ಅನ್ನಲಿಲ್ಲ, ಕೇಳುವ ಮುಖ ಅವನಿಗೂ ಇರಲಿಲ್ಲ. ಗೋದಾಮಿನಿಂದ ಹಮಾಲರು ಎರಡು ಸಾವಿರ ಹರಿದ ಚೀಲಗಳನ್ನು ತಂದು ಗಲ್ಲಿಯಲ್ಲಿ ಸುರಿದಿದ್ದರು. ಮಾನಮ್ಮ ಬಗ್ಗಿ ಒಂದೊಂದನ್ನೇ ಕೊಡವಿ, ತೂತು ಎಣಿಸಿ, ಬೇರೆ ಬೇರೆ ಗುಪ್ಪೆ ಮಾಡುತ್ತಿದ್ದಳು. ಸ್ವಪ್ನಿಲ್ ಕೊರಳಿನ ಗುರುತಿನ ಚೀಟಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಏನೋ ಒಂದು ಮಾತು ಹೇಳಬೇಕೆಂದು ಅವಳ ಹತ್ತಿರ ಹೋದ.

"ಮೌಶಿ..."

ಮಾನಮ್ಮ ತಲೆ ಎತ್ತಲಿಲ್ಲ.

"ಕಾಲು ತಗಿ," ಎಂದಳು. "ನನ್ನ ಚೀಲದ ಮ್ಯಾಲೆ ನಿಂತೀದಿ."